ಹೇರ್‌ವುಡ್ ಮನೆತನದ ಎರಡು ಲೆಕ್ಕಪುಸ್ತಕಗಳು

ಇಂಗ್ಲೆಂಡಿನ ಯಾರ್ಕ್‌ಷೈರ್‌ನಲ್ಲಿ, ಲೀಡ್ಸ್ ನಗರದಿಂದ ಉತ್ತರಕ್ಕೆ ಹೇರ್‌ವುಡ್ ಹೌಸ್ ಎಂಬ ಅರಮನೆಯಂಥ ಬಂಗಲೆ ಇದೆ. ಅದನ್ನು ಕಟ್ಟಿಸಿದ್ದು ಲ್ಯಾಸೆಲ್ಸ್ ಮನೆತನ. 1759ರಲ್ಲಿ ಶುರುವಾದ ಕೆಲಸ 1771ರ ಹೊತ್ತಿಗೆ ಮುಗಿಯಿತು. ವಾಸ್ತುಶಿಲ್ಪಿ ಜಾನ್ ಕಾರ್, ಒಳಾಂಗಣ ರಾಬರ್ಟ್ ಆಡಮ್‌ನದು, ಪೀಠೋಪಕರಣ ಥಾಮಸ್ ಚಿಪೆಂಡೇಲ್‌ನದು. ಯಾರು ಏನು ಮಾಡಿದರು, ಯಾವುದಕ್ಕೆ ಎಷ್ಟು ಬಿಲ್ಲು ಬಂತು ಎಂಬುದೆಲ್ಲ ಕಾಗದದಲ್ಲಿ ಉಳಿದಿದೆ. ಆ ಬಿಲ್ಲುಗಳನ್ನು ತೀರಿಸಿದ ಹಣ ಎಲ್ಲಿಂದ ಬಂತು ಎಂದು ಹುಡುಕಲು ಮಾತ್ರ ಬೇರೆ ಊರಿನ, ಬೇರೆ ಕಡತಗಳ ಬಾಗಿಲು ತಟ್ಟಬೇಕು.

ಹತ್ತೊಂಬತ್ತನೇ ಶತಮಾನದ ಇಂಗ್ಲಿಷ್ ಜಮೀನ್ದಾರರ ಬಗ್ಗೆ ದಾಖಲೆಗಳಿಗೇನೂ ಬರವಿಲ್ಲ. ಚರ್ಚುಗಳ ದೀಕ್ಷಾಸ್ನಾನ, ಮದುವೆ, ಸಮಾಧಿ ಪುಸ್ತಕಗಳು 1538ರಿಂದಲೇ ಶುರುವಾಗುತ್ತವೆ. ಸರ್ಕಾರದ ಜನನ-ಮರಣ ನೋಂದಣಿ ಬಂದದ್ದು 1837ರ ಜುಲೈಯಲ್ಲಿ. ಜನಗಣತಿಯಲ್ಲಿ ಮನೆಯ ಪ್ರತಿಯೊಬ್ಬರ ಹೆಸರು 1841ರಿಂದ ಸಿಗುತ್ತದೆ. 1851ರಿಂದ ಯಜಮಾನನಿಗೆ ಏನಾಗಬೇಕು, ಯಾವ ಊರಲ್ಲಿ ಹುಟ್ಟಿದ್ದು ಎಂಬುದೂ ಸೇರುತ್ತದೆ. 1836ರ ಕಾಯ್ದೆ ಚರ್ಚಿಗೆ ಧಾನ್ಯದ ರೂಪದಲ್ಲಿ ಕೊಡುತ್ತಿದ್ದ ದಶಾಂಶವನ್ನು ಹಣಕ್ಕೆ ಬದಲಾಯಿಸಿದಾಗ ಸಾವಿರಾರು ಊರುಗಳ ನಕ್ಷೆಗಳು ತಯಾರಾದವು. ನಮ್ಮ ಪಹಣಿಯಲ್ಲಿರುವಂತೆ ಅವುಗಳ ಜೊತೆಗಿನ ಪಟ್ಟಿಯಲ್ಲಿ ಒಂದೊಂದು ಹೊಲಕ್ಕೂ ಮಾಲೀಕ ಯಾರು, ಉಳುವವನು ಯಾರು, ಬೆಳೆ ಏನು, ವಿಸ್ತೀರ್ಣ ಎಷ್ಟು ಎಂದು ಬರೆದಿದೆ. ಹೇರ್‌ವುಡ್ ಇರುವ ವೆಸ್ಟ್ ರೈಡಿಂಗ್ ಪ್ರದೇಶಕ್ಕೆ ಇನ್ನೊಂದು ಅನುಕೂಲವಿತ್ತು. ಇಂಗ್ಲೆಂಡಿನ ಬಹುಪಾಲು ಕಡೆ ಜಮೀನಿನ ಪತ್ರಗಳು ಮಾಲೀಕನ ಪೆಟ್ಟಿಗೆಯಲ್ಲೋ ವಕೀಲನ ಬೀರುವಿನಲ್ಲೋ ಇರುತ್ತಿದ್ದ ಕಾಲದಲ್ಲಿ, ವೇಕ್‌ಫೀಲ್ಡ್ ಪಟ್ಟಣದಲ್ಲಿ 1704ರಿಂದಲೇ ಕ್ರಯಪತ್ರಗಳ ನೋಂದಣಿ ಕಚೇರಿ ಇತ್ತು.

ಇಷ್ಟಿದ್ದರೂ ಈ ಕಾಗದಗಳು ಮುಚ್ಚಿಡುವುದು ಕಡಿಮೆಯೇನಲ್ಲ. ಮರಣಶಾಸನದ ದಾಖಲೆಯನ್ನೇ ನೋಡಿ. 1858ರಿಂದ ಅದು ಚರ್ಚಿನ ಕೈಯಿಂದ ಸರ್ಕಾರಿ ನ್ಯಾಯಾಲಯಕ್ಕೆ ಬಂತು, ಸತ್ತವರ ಆಸ್ತಿಯ ಮೌಲ್ಯ ವರ್ಷವರ್ಷವೂ ಅಚ್ಚಾಯಿತು. ಆದರೆ 1898ರವರೆಗೆ ಆ ಮೌಲ್ಯದಲ್ಲಿ ಜಮೀನು ಸೇರುತ್ತಿರಲಿಲ್ಲ. ಸಾವಿರಾರು ಎಕರೆಯ ಒಡೆಯ ಆ ಪಟ್ಟಿಯಲ್ಲಿ ಸಾಧಾರಣ ವರ್ತಕನಂತೆ ಕಾಣಿಸಿಬಿಡಬಹುದು.

ಜಮೀನಿನ ಲೆಕ್ಕ ಬಯಲಿಗೆ ಬಂದದ್ದು ಜಮೀನ್ದಾರರ ಒತ್ತಾಯದಿಂದಲೇ. 1861ರ ಜನಗಣತಿ ದೇಶದಲ್ಲಿ ಸುಮಾರು 30 ಸಾವಿರ ಭೂಮಾಲೀಕರಷ್ಟೇ ಇದ್ದಾರೆಂದು ತೋರಿಸಿತ್ತು. ಸುಧಾರಣಾವಾದಿಗಳು ಅದನ್ನೇ ಹಿಡಿದು ಜಗ್ಗುತ್ತಿದ್ದರು. ಇದು ಸುಳ್ಳೆಂದು ಸಾಬೀತುಪಡಿಸಲು ಡರ್ಬಿಯ ಅರ್ಲ್ (ಅರ್ಲ್ ಎಂಬುದು ಇಂಗ್ಲೆಂಡಿನ ವಂಶಪಾರಂಪರ್ಯದ ಶ್ರೀಮಂತ ಪದವಿ) 1872ರಲ್ಲಿ ಸಂಸತ್ತಿನ ಮೇಲ್ಮನೆಯಾದ ಲಾರ್ಡ್ಸ್ ಸಭೆಯಲ್ಲಿ ಪೂರ್ಣ ಪಟ್ಟಿ ಕೇಳಿದ. ಪಟ್ಟಿ ಬಂತು, ಮಾಲೀಕರ ಸಂಖ್ಯೆ ಲಕ್ಷಗಳಲ್ಲಿತ್ತು. ಆದರೆ ಅವರಲ್ಲಿ ಹೆಚ್ಚಿನವರಿಗೆ ಇದ್ದದ್ದು ಒಂದು ಎಕರೆಗಿಂತ ಕಡಿಮೆ ಜಾಗ. ದೇಶದ ಐದರಲ್ಲಿ ನಾಲ್ಕು ಪಾಲು ನೆಲ ಏಳು ಸಾವಿರದಷ್ಟು ಜನರ ಕೈಯಲ್ಲಿತ್ತು. ಅಂದಿನ ಹೇರ್‌ವುಡ್ ಅರ್ಲ್‌ನ ಹೆಸರಿನ ಮುಂದೆ ಯಾರ್ಕ್‌ಷೈರ್‌ನ 30 ಸಾವಿರ ಎಕರೆಗೆ ಸಮೀಪದ ಲೆಕ್ಕ ಬಿತ್ತು. ಅಟ್ಲಾಂಟಿಕ್ ಸಾಗರದಾಚೆ ಅದೇ ಕುಟುಂಬಕ್ಕಿದ್ದ ನೆಲದ ಸುದ್ದಿ ಆ ಪಟ್ಟಿಯಲ್ಲಿ ಇರಲಿಲ್ಲ, ಇರುವ ಹಾಗೂ ಇರಲಿಲ್ಲ.

ಆ ನೆಲ ಇದ್ದದ್ದು ಕೆರಿಬಿಯನ್ ದ್ವೀಪಗಳಲ್ಲಿ. 1690ರಲ್ಲಿ ಹುಟ್ಟಿದ ಹೆನ್ರಿ ಲ್ಯಾಸೆಲ್ಸ್ ಬಾರ್ಬಡೋಸ್‌ನ ಬ್ರಿಡ್ಜ್‌ಟೌನ್ ಬಂದರಿನಲ್ಲಿ ಸುಂಕದ ಅಧಿಕಾರಿಯಾಗಿದ್ದ. ಜೊತೆಗೆ ಸಕ್ಕರೆ ವ್ಯಾಪಾರ, ಗುಲಾಮರ ವ್ಯಾಪಾರ, ಹಡಗು ಪಡೆಗಳಿಗೆ ದಿನಸಿ ಪೂರೈಕೆ, ಎಲ್ಲದಕ್ಕಿಂತ ಮಿಗಿಲಾಗಿ ಸಾಲ ಕೊಡುವ ವ್ಯವಹಾರ. ಕಬ್ಬಿನ ತೋಟದ ಮಾಲೀಕರು ತೋಟವನ್ನೂ ಅಲ್ಲಿ ದುಡಿಯುವ ಮನುಷ್ಯರನ್ನೂ ಅಡವಿಟ್ಟು ಅವನ ಲಂಡನ್ ಕಂಪನಿಯಿಂದ ಸಾಲ ಪಡೆಯುತ್ತಿದ್ದರು. 1738ರಲ್ಲಿ ಹೇರ್‌ವುಡ್ ಜಹಗೀರನ್ನು ಕೊಂಡದ್ದು ಈ ಹಣದಿಂದ. ಅವನ ಮಗ ಎಡ್ವಿನ್ ಬಂಗಲೆ ಕಟ್ಟಿಸಿದ. 1770-80ರ ದಶಕಗಳಲ್ಲಿ ಸಾಲ ತೀರಿಸಲಾಗದವರ ತೋಟಗಳು ಒಂದೊಂದಾಗಿ ಲ್ಯಾಸೆಲ್ಸ್ ಕೈಗೆ ಬಂದವು. ಯಾರ್ಕ್‌ಷೈರ್‌ನ ಈ ಮನೆ ಸಾವಿರಾರು ಗುಲಾಮರ ಒಡೆತನ ಹೊಂದಿದ್ದು ಹೀಗೆ. 1812ರಲ್ಲಿ ಅರ್ಲ್ ಪದವಿಯೂ ಬಂತು.

1807ರಲ್ಲಿ ಯಾರ್ಕ್‌ಷೈರ್‌ನ ಎರಡು ಸಂಸತ್ ಸ್ಥಾನಗಳಿಗೆ ಮೂವರು ನಿಂತರು. ಒಬ್ಬ ಗುಲಾಮರ ವ್ಯಾಪಾರದ ವಿರುದ್ಧ ಎರಡು ದಶಕ ಹೋರಾಡಿ ಆಗಷ್ಟೇ ಕಾಯ್ದೆ ತಂದಿದ್ದ ವಿಲಿಯಂ ವಿಲ್ಬರ್‌ಫೋರ್ಸ್, ಇನ್ನೊಬ್ಬ ಲಾರ್ಡ್ ಮಿಲ್ಟನ್, ಮೂರನೆಯವನು ಮುಂದೆ ಹೇರ್‌ವುಡ್‌ನ ಎರಡನೇ ಅರ್ಲ್ ಆಗಲಿದ್ದ, ಅದೇ ಮನೆತನದ ಇನ್ನೊಬ್ಬ ಹೆನ್ರಿ ಲ್ಯಾಸೆಲ್ಸ್. ಹಣದ ಹೊಳೆ ಹರಿದ ಆ ಚುನಾವಣೆಯಲ್ಲಿ ಲ್ಯಾಸೆಲ್ಸ್ ಸೋತ. ಗುಪ್ತ ಮತದಾನ ಬಂದದ್ದು 1872ರಲ್ಲಿ. ಅದಕ್ಕೆ ಮುಂಚೆ ಯಾರು ಯಾರಿಗೆ ಮತ ಹಾಕಿದರೆಂಬ ಪುಸ್ತಕಗಳೇ ಅಚ್ಚಾಗುತ್ತಿದ್ದವು. ಧಣಿಯ ಕಣ್ಣೆದುರು ಮತ ಹೇಳುತ್ತಿದ್ದ ಗೇಣಿದಾರರ ಪಾಡನ್ನು ಅರಿಯಲು ಇದಕ್ಕಿಂತ ಒಳ್ಳೆಯ ದಾಖಲೆ ಸಿಗುವುದು ಕಷ್ಟ.

ಇದೇ ಹೆನ್ರಿಯ ಹೆಸರು ಮತ್ತೊಂದು ಸರ್ಕಾರಿ ಕಡತದಲ್ಲಿದೆ. ಇಡೀ ಕಥೆಯ ಗಂಟು ಬಿಚ್ಚುವುದು ಅಲ್ಲೇ. 1833ರ ಕಾಯ್ದೆ ಗುಲಾಮಗಿರಿಯನ್ನು ರದ್ದುಮಾಡಿ, ಎರಡು ಕೋಟಿ ಪೌಂಡ್ ಪರಿಹಾರ ಘೋಷಿಸಿತು. ಆ ಕಾಲದ ಸರ್ಕಾರದ ವಾರ್ಷಿಕ ಖರ್ಚಿನ ಶೇಕಡ 40ರಷ್ಟು ಮೊತ್ತ ಅದು. ಬಿಡುಗಡೆಯಾದ ಸುಮಾರು 8 ಲಕ್ಷ ಜನರಿಗೆ ಅದರಲ್ಲಿ ಒಂದು ಕಾಸೂ ಇರಲಿಲ್ಲ, ಎಲ್ಲವೂ ಒಡೆಯರಿಗೆ. ಬಹುಪಾಲು ಜನ 1834ರ ನಂತರವೂ ‘ತರಬೇತಿ’ಯ ಹೆಸರಿನಲ್ಲಿ 1838ರವರೆಗೆ ಕೂಲಿಯಿಲ್ಲದೆ ದುಡಿಯಬೇಕಾಯಿತು. ಹೇರ್‌ವುಡ್ ಅರ್ಲ್‌ಗೆ ಬಾರ್ಬಡೋಸ್ ಮತ್ತು ಜಮೈಕಾದ ಆರು ತೋಟಗಳ 1,277 ಜನರ ಲೆಕ್ಕದಲ್ಲಿ 26 ಸಾವಿರ ಪೌಂಡ್‌ಗೂ ಮಿಕ್ಕಿ ಸಂದಾಯವಾಯಿತು. ತಲೆಗೆ ಇಪ್ಪತ್ತು ಪೌಂಡ್ ಚಿಲ್ಲರೆ. ಈ ಪರಿಹಾರಕ್ಕಾಗಿ ಸರ್ಕಾರ ಎತ್ತಿದ ಸಾಲದ ಕೊನೆಯ ಕಂತು ತೀರಿದ್ದು 2015ರಲ್ಲಿ.

ಹಣ ಬೇಕೆಂದರೆ ಅರ್ಜಿ ಹಾಕಬೇಕಿತ್ತು, ಎಷ್ಟು ಜನರ ಒಡೆಯನೆಂದು ಬರೆದು ಒಪ್ಪಿಕೊಳ್ಳಬೇಕಿತ್ತು. ಹಾಗಾಗಿಯೇ ಈ ದಾಖಲೆಗೆ ಅಷ್ಟು ತೂಕ. ಬಂಗಲೆಯ ಪತ್ರಗಳು ಮನೆತನ ತನ್ನ ಬಗ್ಗೆ ಉಳಿಸಿಕೊಂಡ ಮಾತುಗಳು. ಇದು ಅದೇ ಮನೆತನ ಹಣಕ್ಕಾಗಿ ಸರ್ಕಾರದೆದುರು ಕೊಟ್ಟ ಹೇಳಿಕೆ. ಎರಡನ್ನೂ ಪಕ್ಕಪಕ್ಕ ಇಟ್ಟು ಓದದ ಹೊರತು ಹೇರ್‌ವುಡ್‌ನ ಯಾವ ಚರಿತ್ರೆಯೂ ನನಗೆ ಪೂರ್ಣವೆನಿಸುವುದಿಲ್ಲ. ಲಂಡನ್‌ನ ಯೂನಿವರ್ಸಿಟಿ ಕಾಲೇಜಿನ ಇತಿಹಾಸಕಾರರು ಕ್ಯೂ ಎಂಬಲ್ಲಿನ ರಾಷ್ಟ್ರೀಯ ಪತ್ರಾಗಾರದಲ್ಲಿದ್ದ ಈ ಕಡತಗಳನ್ನು ಜಾಲಾಡಿ, 2013ರಲ್ಲಿ ಎಲ್ಲರೂ ಉಚಿತವಾಗಿ ನೋಡಬಹುದಾದ ದತ್ತಸಂಚಯ ಮಾಡಿಟ್ಟರು. ಸುಮಾರು 46 ಸಾವಿರ ಹಕ್ಕುದಾವೆಗಳ ವಿವರ ಅಲ್ಲಿದೆ. ಅರ್ಲ್‌ಗಳಷ್ಟೇ ಅಲ್ಲ, ಪಾದ್ರಿಗಳು, ವಿಧವೆಯರು, ಸಣ್ಣಪುಟ್ಟ ವರ್ತಕರೂ ಅದರಲ್ಲಿದ್ದಾರೆ.

ಲ್ಯಾಸೆಲ್ಸ್ ವ್ಯಾಪಾರದ ಸ್ವಂತ ಕಾಗದಗಳ ಗತಿ ಬೇರೆಯೇ ಆಯಿತು. ಲಂಡನ್ ಕಂಪನಿಯ ಪತ್ರಗಳು 1940ರ ಬಾಂಬ್ ದಾಳಿಯಲ್ಲಿ ಸುಟ್ಟುಹೋದವು. ಎಲ್ಲವೂ ಮುಗಿಯಿತೆಂದುಕೊಂಡಿದ್ದ ಮೇಲೆ, ವೆಸ್ಟ್ ಇಂಡೀಸ್ ವ್ಯವಹಾರದ ಒಂದಷ್ಟು ಹಾಳೆಗಳು ಹೇರ್‌ವುಡ್‌ನಲ್ಲೇ ಜೀರ್ಣಾವಸ್ಥೆಯಲ್ಲಿ ಸಿಕ್ಕವು. ಯಾರ್ಕ್ ವಿಶ್ವವಿದ್ಯಾಲಯದ ಬೋರ್ತ್‌ವಿಕ್ ಸಂಸ್ಥೆ ಅವನ್ನು ದುರಸ್ತಿ ಮಾಡಿತು.

ಮನೆಗೆಲಸದವರ ಕಾಗದಗಳಲ್ಲೂ ಅದೇ ದ್ವೀಪಗಳ ಜಾಡು ಇದೆ. ಸೇಂಟ್ ವಿನ್ಸೆಂಟ್ ದ್ವೀಪದ ಬರ್ಟಿ ರಾಬಿನ್‌ಸನ್ 1893ರಲ್ಲಿ ಹದಿಹರೆಯದ ಹುಡುಗನಾಗಿ ಹೇರ್‌ವುಡ್‌ಗೆ ಬಂದು ವರ್ಷಾನುಗಟ್ಟಲೆ ಪರಿಚಾರಕನಾಗಿದ್ದ. ಈಚೆಗೆ ಅದೇ ಬಂಗಲೆಯಲ್ಲಿ ಅವನ ಬದುಕಿನ ಕುರಿತ ಪ್ರದರ್ಶನ ನಡೆಯಿತು.

ತೋಟಗಳಲ್ಲಿ ದುಡಿದವರನ್ನು ಹುಡುಕುವುದು ಇದಕ್ಕಿಂತ ಎಷ್ಟೋ ಕಷ್ಟ. ಅಕ್ರಮ ಸಾಗಣೆ ತಡೆಯಲು ಬಾರ್ಬಡೋಸ್‌ನಲ್ಲಿ 1817ರಿಂದ ಮೂರು ವರ್ಷಕ್ಕೊಮ್ಮೆ ಗುಲಾಮರ ನೋಂದಣಿ ನಡೆಯಿತು. ಹೆಸರು, ಗಂಡೋ ಹೆಣ್ಣೋ, ವಯಸ್ಸು, ಬಣ್ಣ, ಹುಟ್ಟಿದ ನಾಡು, ಮಾಡುವ ಕೆಲಸ ಅದರಲ್ಲಿದೆ. ಹೆಸರು ಸಾಮಾನ್ಯವಾಗಿ ಒಂದೇ ಪದ, ಮನೆತನದ ಹೆಸರಿಲ್ಲ. ಅಪ್ಪ ಯಾರು, ಗಂಡ ಯಾರು ಎಂಬುದಿಲ್ಲ. ಅರ್ಲ್‌ನ ವಂಶವೃಕ್ಷದ ಒಂದೊಂದು ಟಿಸಿಲೂ ತಿಳಿದಿರುವಾಗ, ಅವನ ತೋಟದ ಹೆಂಗಸೊಬ್ಬಳ ಮಕ್ಕಳು ಯಾರೆಂದು ತಿಳಿಯಲು ಆಮೇಲಿನ ಚರ್ಚ್ ಪುಸ್ತಕಗಳ ಜೊತೆ ವಯಸ್ಸು ತಾಳೆಹಾಕಿ ಊಹಿಸಬೇಕು. ಈ ಅಂತರ ಆಕಸ್ಮಿಕವಲ್ಲ. ಆಸ್ತಿಯೆಂದು ಬರೆದಿಟ್ಟವರಿಗೆ ಅವರ ಸಂಬಂಧಗಳು ಬೇಕಿರಲಿಲ್ಲ.

ಮನೆತನ ಬಾರ್ಬಡೋಸ್‌ನಲ್ಲಿ ಉಳಿಸಿಕೊಂಡಿದ್ದ ಕೊನೆಯ ತೋಟ ‘ಬೆಲ್’ ಮಾರಾಟವಾದದ್ದು 1975ರಲ್ಲಿ. ಈಗಿನ ಎಂಟನೇ ಅರ್ಲ್ ಡೇವಿಡ್ ಲ್ಯಾಸೆಲ್ಸ್ ಈ ಚರಿತ್ರೆಯನ್ನು ಬಚ್ಚಿಡುವವರಲ್ಲ. ಗುಲಾಮರ ಒಡೆಯರ ವಂಶಸ್ಥರು 2023ರಲ್ಲಿ ಕಟ್ಟಿದ ‘ಏರ್ಸ್ ಆಫ್ ಸ್ಲೇವರಿ’ ಗುಂಪಿನ ಸ್ಥಾಪಕರಲ್ಲಿ ಅವರೂ ಒಬ್ಬರು. ಲೀಡ್ಸ್‌ನಲ್ಲಿ ಹೇರ್‌ವುಡ್‌ನ ಪತ್ರಗಳು ಸರ್ಕಾರಿ ಪತ್ರಾಗಾರದ ಆರೈಕೆಯಲ್ಲಿವೆ. ಬಾರ್ಬಡೋಸ್‌ನ ಬ್ಲ್ಯಾಕ್ ರಾಕ್‌ನಲ್ಲಿರುವ ಪತ್ರಾಗಾರಕ್ಕೆ 2024ರ ಜೂನ್‌ನಲ್ಲಿ ಬೆಂಕಿ ಬಿದ್ದು ಒಂದು ಕಟ್ಟಡವೂ ಅದರಲ್ಲಿದ್ದ ದಾಖಲೆಗಳೂ ಹೋದವು. ಗುಲಾಮರ ನೋಂದಣಿಯ ಪ್ರತಿಗಳು ಲಂಡನ್ನಿಗೂ ಹೋಗಬೇಕೆಂಬ ಅಂದಿನ ನಿಯಮದಿಂದಾಗಿ ಆ ಹೆಸರುಗಳು ಕ್ಯೂನಲ್ಲಿ ಉಳಿದಿವೆ. ಬೆಲ್ ತೋಟದಲ್ಲಿ ದುಡಿದವರ ಮರಿಮಕ್ಕಳು ಇಂದು ತಮ್ಮವರನ್ನು ಹುಡುಕಲು ಶುರುಮಾಡುವುದು ಅಲ್ಲಿಂದಲೇ.