ಹೆಸರಿಗೆ ಬೆಲೆ ಬಂತು, ಬೆನ್ನಿಗೇ ನಕಲಿಯೂ ಬಂತು

ರೋಮನ್ನರ ಕಾಲದಲ್ಲಿ ಉತ್ತರ ಇಟಲಿಯ ಮಣ್ಣಿನ ದೀಪಗಳ ತಳದಲ್ಲಿ ‘ಫೋರ್ಟಿಸ್’ ಎಂಬ ಹೆಸರಿನ ಅಚ್ಚು ಇರುತ್ತಿತ್ತು. ಅವಕ್ಕೆ ಬೇಡಿಕೆ ಜಾಸ್ತಿ. ದೂರದ ಊರುಗಳ ಕುಂಬಾರರು ಒಂದು ದೀಪ ಕೊಂಡು, ಅದರಿಂದಲೇ ಅಚ್ಚು ತೆಗೆದು, ಹೆಸರಿನ ಸಮೇತ ನಕಲು ಮಾಡತೊಡಗಿದರು. ಮಣ್ಣು ಒಣಗಿ ಸುಡುವಾಗ ಕುಗ್ಗುತ್ತದೆ ಅಲ್ವಾ? ಹಾಗಾಗಿ ನಕಲು ದೀಪ ಚೂರು ಚಿಕ್ಕದು, ಅಕ್ಷರವೂ ಮಸುಕು. ನಕಲಿನ ನಕಲು ಇನ್ನೂ ಚಿಕ್ಕದು.

16ನೇ ಶತಮಾನದ ಆರಂಭದಲ್ಲಿ ಜರ್ಮನಿಯ ಆಲ್ಬ್ರೆಕ್ಟ್ ಡ್ಯೂರರ್‌ನ ಅಚ್ಚುಚಿತ್ರಗಳನ್ನು ಇಟಲಿಯ ಮಾರ್ಕಾಂಟೋನಿಯೊ ರೈಮಂಡಿ ‘ಎ.ಡಿ.’ ಸಹಿಯನ್ನೂ ಬಿಡದೆ ನಕಲು ಮಾಡಿದ. ದೂರು ವೆನಿಸ್‌ನ ಆಡಳಿತದ ಮುಂದೆ ಹೋಯಿತು. ಡ್ಯೂರರ್‌ನ ಸಹಿ ಮಾತ್ರ ಹಾಕಕೂಡದು ಎಂಬಷ್ಟೇ ತೀರ್ಪು ಸಿಕ್ಕಿತು ಅಂತ ಕಲಾವಿದರ ಜೀವನಚರಿತ್ರೆ ಬರೆದ ಇಟಲಿಯ ವಸಾರಿ ಬರೆದಿಟ್ಟಿದ್ದಾನೆ. ಇವತ್ತಿನ ಗೆರೆಯೂ ಹೆಚ್ಚುಕಡಿಮೆ ಅದೇ. ಹೆಸರಾಂತ ಶೂ ಒಂದರ ರೂಪವನ್ನು ಹೋಲುವ ಶೂ ಬೇರೆ ಹೆಸರಲ್ಲಿ ಬಂದರೆ ಕಾನೂನು ಎಷ್ಟೋ ಸಲ ಸುಮ್ಮನಿರುತ್ತದೆ. ಆ ಕಂಪನಿಯ ಗುರುತನ್ನೇ ಹಾಕಿದರೆ ಬಿಡುವುದಿಲ್ಲ.

1883ರ ಪ್ಯಾರಿಸ್ ಒಪ್ಪಂದ ಈ ಗುರುತುಗಳಿಗೆ ದೇಶದ ಗಡಿ ದಾಟಿದ ರಕ್ಷಣೆ ಕೊಟ್ಟಿತು. 1896ರಲ್ಲಿ ಪೆಟ್ಟಿಗೆ, ಚೀಲ ಮಾಡುವ ಫ್ರಾನ್ಸ್‌ನ ಲೂಯಿ ವಿಟಾನ್ ಕಂಪನಿ ನಕಲಿ ಕಾಟ ತಪ್ಪಿಸಲೆಂದೇ ಹೂವು ಮತ್ತು ‘ಎಲ್‌ವಿ’ ಅಕ್ಷರಗಳ ವಿನ್ಯಾಸ ತಂದಿತು. ಮುಂದೆ ಜಗತ್ತಿನಲ್ಲಿ ತುಂಬ ನಕಲಾದ ವಿನ್ಯಾಸಗಳಲ್ಲಿ ಅದೂ ಒಂದಾಯಿತು.

20ನೇ ಶತಮಾನದ ಕೊನೆಯ ದಶಕಗಳಲ್ಲಿ ದೊಡ್ಡ ಕಂಪನಿಗಳು ಹೆಸರು, ಜಾಹೀರಾತು ತಮ್ಮ ಬಳಿ ಇಟ್ಟುಕೊಂಡು, ತಯಾರಿಕೆಯನ್ನು ದೂರದ ಗುತ್ತಿಗೆ ಕಾರ್ಖಾನೆಗಳಿಗೆ ಕೊಟ್ಟವು. ಕೈಕೆಲಸ, ಯಂತ್ರ, ಅಚ್ಚು ಎಲ್ಲವೂ ಅಲ್ಲಿಗೇ ಹೋದವು. ಅಸಲಿ ಮಾಡಲು ಬರುವವರಿಗೆ ನಕಲಿ ಕಷ್ಟವೇ? 1995ರಲ್ಲಿ ಜಾರಿಗೆ ಬಂದ ಟ್ರಿಪ್ಸ್ ಒಪ್ಪಂದ (ಬೌದ್ಧಿಕ ಆಸ್ತಿಯ ಬಗ್ಗೆ ವಿಶ್ವ ವ್ಯಾಪಾರ ಸಂಸ್ಥೆಯ ಒಪ್ಪಂದ), ವ್ಯಾಪಾರದ ಮಟ್ಟದಲ್ಲಿ ಬೇಕಂತಲೇ ನಡೆಸುವ ನಕಲಿಗೆ ಕ್ರಿಮಿನಲ್ ಶಿಕ್ಷೆ ಇರಲೇಬೇಕು ಎಂದಿತು. ಆದರೂ 2021ರಲ್ಲಿ ಸುಮಾರು 46,700 ಕೋಟಿ ಡಾಲರ್ ಬೆಲೆಯ ನಕಲಿ ಮಾಲು ಗಡಿ ದಾಟಿತು ಎಂಬುದು ಹೆಚ್ಚಾಗಿ ಶ್ರೀಮಂತ ದೇಶಗಳ ಆರ್ಥಿಕ ಒಕ್ಕೂಟವಾದ ಒಇಸಿಡಿಯ ಅಂದಾಜು. ಅದು ಜಗತ್ತಿನ ಆಮದಿನ 2.3%.

ಈ ಲೆಕ್ಕದಲ್ಲಿ ಕೈಚೀಲವೂ ಇದೆ, ಔಷಧವೂ ಇದೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನನಗೆ ಸರಿ ಕಾಣುವುದಿಲ್ಲ. ನಕಲಿ ಚೀಲ ಕೊಳ್ಳುವ ಬಹಳ ಮಂದಿಗೆ ಅದು ನಕಲಿ ಅಂತ ಗೊತ್ತಿರುತ್ತದೆ. ಮಾತ್ರೆ ನುಂಗುವವರಿಗೆ ಗೊತ್ತಿರುವುದಿಲ್ಲ. 1989ರ ಸೆಪ್ಟೆಂಬರ್ 8ರಂದು ಓಸ್ಲೊದಿಂದ ಹ್ಯಾಂಬರ್ಗ್‌ಗೆ ಹೊರಟ, ನಾರ್ವೆಯ ಪಾರ್ಟ್‌ನೇರ್ ಕಂಪನಿಯ ವಿಮಾನ ಡೆನ್ಮಾರ್ಕ್ ಬಳಿ ಸಮುದ್ರಕ್ಕೆ ಬಿತ್ತು. ಅದರಲ್ಲಿದ್ದ 55 ಜನರೂ ಸತ್ತರು. ಬಾಲದ ಭಾಗವನ್ನು ಹಿಡಿದಿಡುವ ಬೋಲ್ಟ್‌ಗಳಲ್ಲಿ ಕೆಲವು ನಕಲಿ, ಬೇಕಾದಷ್ಟು ಗಟ್ಟಿ ಇರಲಿಲ್ಲ ಎಂದು ತನಿಖೆಯಲ್ಲಿ ಕಂಡುಬಂತು. ಟಿಕೆಟ್ ಕೊಂಡವರು ಬೋಲ್ಟ್ ನೋಡಲು ಸಾಧ್ಯವೇ?

ಈಗ ಮಾಲು ಕಂಟೇನರ್‌ನಲ್ಲಷ್ಟೇ ಅಲ್ಲ, ಪುಟ್ಟ ಪಾರ್ಸೆಲ್‌ಗಳಲ್ಲೂ ನೇರ ಮನೆಗೆ ಬರುತ್ತದೆ. ಕಸ್ಟಮ್ಸ್‌ನವರು ಎಷ್ಟು ಅಂತ ಬಿಚ್ಚಿ ನೋಡಿಯಾರು? ಹಾಗಾದರೆ ಆನ್‌ಲೈನ್ ಮಾರುಕಟ್ಟೆ ನಡೆಸುವವರ ಹೊಣೆ ಏನು? ನಕಲಿ ಮಾರಾಟ ನಡೆಯುತ್ತಿದೆ ಎಂಬ ಸಾಮಾನ್ಯ ತಿಳಿವಳಿಕೆ ಅವರನ್ನು ಹೊಣೆ ಮಾಡಲು ಸಾಲದು, ಯಾವ ಮಾಲು ಎಂಬುದೂ ಗೊತ್ತಿರಬೇಕು ಎಂದು 2010ರಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯ ಆಭರಣ ಕಂಪನಿ ಟಿಫನಿ ಮತ್ತು ಆನ್‌ಲೈನ್ ಮಾರುಕಟ್ಟೆ ಇಬೇ ನಡುವಿನ ಮೊಕದ್ದಮೆಯಲ್ಲಿ ಹೇಳಿತು. ಹಾಗಾಗಿ ಹುಡುಕುವ ಕೆಲಸ ಹೆಚ್ಚಾಗಿ ಹೆಸರಿನ ಒಡೆಯರ ತಲೆಗೇ ಬಂತು.

ಯುರೋಪಿಯನ್ ಒಕ್ಕೂಟದ ಡಿಜಿಟಲ್ ಸೇವೆಗಳ ಕಾನೂನು 2024ರ ಫೆಬ್ರವರಿಯಿಂದ ಪೂರ್ತಿ ಜಾರಿಯಲ್ಲಿದೆ. ಅದರ ಪ್ರಕಾರ ಆನ್‌ಲೈನ್ ಮಾರುಕಟ್ಟೆಗಳು ವ್ಯಾಪಾರಿಯ ಹೆಸರು, ವಿಳಾಸ, ಗುರುತು ಪಡೆದೇ ಮಾರಲು ಬಿಡಬೇಕು. ಕಾನೂನುಬಾಹಿರ ಮಾಲು ಮಾರಾಟವಾಗಿದೆ ಅಂತ ತಿಳಿದರೆ, ಹಿಂದಿನ 6 ತಿಂಗಳಲ್ಲಿ ಅದನ್ನು ಕೊಂಡವರ ಸಂಪರ್ಕ ವಿವರ ತಮ್ಮ ಬಳಿ ಇದ್ದಾಗ ಅವರಿಗೂ ತಿಳಿಸಬೇಕು.