ಪಂಚಾಯಿತಿಗೆ ಬಂದ ಫೈಬರ್ ಮನೆಗೇಕೆ ಬರಲಿಲ್ಲ?

ಪ್ರಶ್ನೆ: ನಮ್ಮೂರಿನ ಗ್ರಾಮ ಪಂಚಾಯಿತಿಗೆ ಭಾರತ್‌ನೆಟ್ ಫೈಬರ್ ಬಂದು ವರ್ಷಗಳೇ ಆದವು. ನಮ್ಮ ಮನೆ ಅಲ್ಲಿಂದ ಅರ್ಧ ಕಿಲೋಮೀಟರ್ ಕೂಡ ಇಲ್ಲ. ಕೇಳಿದರೆ ‘ಮನೆಗಳಿಗೆಲ್ಲ ಕೊಡೋ ವ್ಯವಸ್ಥೆ ಇಲ್ಲ’ ಅಂತಾರೆ. ಹಾಗಾದರೆ ಸರ್ಕಾರ ಅಷ್ಟು ದುಡ್ಡು ಸುರಿದದ್ದು ಯಾತಕ್ಕೆ?

ಉತ್ತರ: ಅವರು ಸುಳ್ಳು ಹೇಳಿಲ್ಲ. ಮನೆಗೆ ಕೊಡುವ ಕೆಲಸ ಯೋಜನೆಯ ಮೊದಲ ನಕ್ಷೆಯಲ್ಲಿ ಸರ್ಕಾರದ ಪಾಲಿಗೆ ಬಂದೇ ಇರಲಿಲ್ಲ.

ಭಾರತ್‌ನೆಟ್ ಎಂದರೆ ಗ್ರಾಮ ಪಂಚಾಯಿತಿಗಳಿಗೆ ಫೈಬರ್ ತಂತಿಯಲ್ಲಿ ಇಂಟರ್ನೆಟ್ ಮುಟ್ಟಿಸುವ ಕೇಂದ್ರದ ಯೋಜನೆ. 2011ರ ಅಕ್ಟೋಬರ್‌ನಲ್ಲಿ ಕೇಂದ್ರ ಸಂಪುಟ ಇದಕ್ಕೆ ಒಪ್ಪಿಗೆ ಕೊಟ್ಟಿತು. ಆಗಿನ ಹೆಸರು ರಾಷ್ಟ್ರೀಯ ಆಪ್ಟಿಕಲ್ ಫೈಬರ್ ಜಾಲ, ಗುರಿ ಸುಮಾರು ಎರಡೂವರೆ ಲಕ್ಷ ಗ್ರಾಮ ಪಂಚಾಯಿತಿ, ಅಂದಾಜು ವೆಚ್ಚ 20,000 ಕೋಟಿ ರೂಪಾಯಿ. ಪೇಟೆಯಿಂದ ಹಳ್ಳಿಯವರೆಗೆ ನೆಲ ಅಗೆದು ಫೈಬರ್ ಹಾಕುವುದು ಖಾಸಗಿಯವರಿಗೆ ಗಿಟ್ಟುವುದಿಲ್ಲ, ಅದನ್ನು ಸರ್ಕಾರ ಮಾಡಲಿ. ಅಲ್ಲಿಂದ ಮನೆಮನೆಗೆ ಎಳೆಯಲು ಟೆಲಿಕಾಂ ಕಂಪನಿಗಳು, ಕೇಬಲ್ ಟಿವಿಯವರು ತಾವಾಗಿ ಬರುತ್ತಾರೆ ಎಂಬ ಲೆಕ್ಕಾಚಾರ. ನಾಲೆ ತೋಡಿಟ್ಟರೆ ಹೊಲಗಾಲುವೆಯನ್ನು ರೈತರೇ ಮಾಡಿಕೊಳ್ಳುತ್ತಾರೆ ಎಂದ ಹಾಗೆ. ನೀರಾವರಿಯ ಹಳೇ ಕತೆ ಗೊತ್ತಿರುವವರಿಗೆ ಮುಂದೇನಾಯಿತು ಎಂದು ಬಿಡಿಸಿ ಹೇಳಬೇಕಿಲ್ಲ.

ಅಂದಹಾಗೆ, ಈ ದುಡ್ಡು ನಿಮ್ಮದೇ. ಟೆಲಿಕಾಂ ಕಂಪನಿಗಳು ಲೈಸೆನ್ಸ್ ಶುಲ್ಕದ ಲೆಕ್ಕಕ್ಕೆ ಬರುವ ತಮ್ಮ ಆದಾಯದಲ್ಲಿ ಶೇ 5ರಷ್ಟನ್ನು ಸರ್ಕಾರದ ಒಂದು ನಿಧಿಗೆ ಕಟ್ಟುತ್ತವೆ. 2002ರಲ್ಲಿ ಶುರುವಾದ ಆ ನಿಧಿಗೆ 2023ರ ಕಾಯ್ದೆಯಲ್ಲಿ ‘ಡಿಜಿಟಲ್ ಭಾರತ್ ನಿಧಿ’ ಎಂದು ಹೆಸರಿಟ್ಟರು. ನೀವು ರೀಚಾರ್ಜ್ ಮಾಡಿಸಿದಾಗಲೆಲ್ಲ ಅದರ ಹುಂಡಿಗೆ ಚೂರು ಬೀಳುತ್ತದೆ.

2017ರ ಡಿಸೆಂಬರ್ ಹೊತ್ತಿಗೆ ಮೊದಲ ಹಂತದ ಒಂದು ಲಕ್ಷ ಪಂಚಾಯಿತಿ ಮುಗಿದವು ಎಂದು ಘೋಷಣೆಯಾಯಿತು. ಎಣಿಸಿದ್ದು ‘ಸೇವೆಗೆ ಸಿದ್ಧ’ವಾದ ಪಂಚಾಯಿತಿಗಳನ್ನು. ಗೋಡೆಗೆ ಪೆಟ್ಟಿಗೆ ಕೂತಿತು, ದೀಪ ಹೊತ್ತಿತು, ಲೆಕ್ಕಕ್ಕೆ ಸೇರಿತು. ಆ ದೀಪ ಮರುತಿಂಗಳೂ ಹೊತ್ತಿರುತ್ತದಾ ಎಂಬುದು ಬೇರೆ ಪ್ರಶ್ನೆ. ನನಗೆ ಕಾಣುವ ಮಟ್ಟಿಗೆ ಇಡೀ ಯೋಜನೆ ಎಡವಿದ್ದು ಇಲ್ಲೇ. ಖರ್ಚು ಉಳಿಸಲೆಂದು ಬಿಎಸ್‌ಎನ್‌ಎಲ್‌ನ ಹಳೇ ಫೈಬರನ್ನೇ ಆದಷ್ಟು ಬಳಸಿ, ಕೊನೆಯ ತುಂಡನ್ನು ಮಾತ್ರ ಹೊಸದಾಗಿ ಹಾಕಿದ್ದರು. ಅದೂ ಒಂದೇ ನೇರ ಗೆರೆಯಲ್ಲಿ. ನೀರಿನ ಪೈಪಿಗೋ ರಸ್ತೆ ಅಗಲ ಮಾಡಲಿಕ್ಕೋ ಬಂದ ಜೆಸಿಬಿ ಒಂದು ಕಡೆ ಕಿತ್ತರೆ ಅದರಾಚೆಯ ಪಂಚಾಯಿತಿಗಳೆಲ್ಲ ಬಂದ್. ಇಂಥ ಲೈನನ್ನು ನಂಬಿ ಮನೆಗಳಿಗೆ ಸಂಪರ್ಕ ಕೊಟ್ಟು ಬೈಸಿಕೊಳ್ಳಲು ಯಾವ ಕೇಬಲ್‌ನವನಿಗೆ ಬೇಕು?

2021ರಲ್ಲಿ ಖಾಸಗಿ ಪಾಲುದಾರಿಕೆಗೆ ಕರೆದರು. ಕರ್ನಾಟಕವೂ ಸೇರಿ 16 ರಾಜ್ಯಗಳಲ್ಲಿ ಈ ಕೆಲಸ ಮಾಡುವ ಕಂಪನಿಗಳಿಗೆ 19,041 ಕೋಟಿ ಕೊಡುತ್ತೇವೆ ಎಂದರೂ ಟೆಂಡರ್‌ಗೆ ಬಿಡ್ ಹಾಕಲು ಯಾರೂ ಬರಲಿಲ್ಲ.

ಇನ್ನೊಂದು ಕಾರಣ ಬ್ರಾಡ್‌ಬ್ಯಾಂಡ್, ಅಂದರೆ ವೇಗದ ಇಂಟರ್ನೆಟ್, ಎಂದು ಯಾವುದನ್ನು ಕರೆಯಬೇಕು ಎಂಬ ವ್ಯಾಖ್ಯಾನದ್ದು. 2004ರ ನೀತಿಯಲ್ಲಿ ಸೆಕೆಂಡಿಗೆ 256 ಕಿಲೋಬಿಟ್ ಇದ್ದರೆ ಅದು ಬ್ರಾಡ್‌ಬ್ಯಾಂಡ್. 2013ರಲ್ಲಿ 512 ಆಯಿತು. 2 ಮೆಗಾಬಿಟ್ ಆಗಲು 2023 ಬರಬೇಕಾಯಿತು. ಇಷ್ಟು ಸಾಕೆಂದರೆ ಕೈಯಲ್ಲಿ 4ಜಿ ಫೋನ್ ಇರುವ ನೀವೂ ಸರ್ಕಾರದ ಪಟ್ಟಿಯಲ್ಲಿ ಬ್ರಾಡ್‌ಬ್ಯಾಂಡ್ ಗ್ರಾಹಕರೇ. ದೇಶದಲ್ಲಿ ಅಂಥವರು 90 ಕೋಟಿ ದಾಟಿದ್ದಾರೆ. ತಂತಿಯ ಸಂಪರ್ಕ ಇರುವುದು 4 ಕೋಟಿಯ ಆಸುಪಾಸು. ಮನೆಗೆ ತಂತಿ ಬರದಿದ್ದರೂ ಲೆಕ್ಕ ತುಂಬುತ್ತದೆ.

ಪಕ್ಕದ ಕೇರಳ ಬೇರೆ ದಾರಿ ಹಿಡಿಯಿತು. 2023ರ ಜೂನ್‌ನಲ್ಲಿ ಉದ್ಘಾಟನೆಯಾದ ಅಲ್ಲಿನ ಸರ್ಕಾರದ ಇಂಟರ್ನೆಟ್ ಜಾಲ ಕೆ-ಫೋನ್ ಹೆಚ್ಚಾಗಿ ವಿದ್ಯುತ್ ಮಂಡಳಿಯ ಕಂಬಗಳ ಮೇಲೆ ಸಾಗುತ್ತದೆ. ಜೆಸಿಬಿ ಭಯ ಕಡಿಮೆ. ಕಡುಬಡವರ 20 ಲಕ್ಷ ಮನೆಗಳಿಗೆ ಉಚಿತ ಸಂಪರ್ಕ ಎಂಬ ಗುರಿಯನ್ನು ಮೊದಲೇ ಬರೆದುಕೊಂಡಿದ್ದರು. ಕೊಡುವುದು ನಿಧಾನವಾಗಿದೆ, ಅದು ನಿಜ. ಆದರೂ ಗುರಿಯಲ್ಲಿ ಮನೆ ಇತ್ತು.

ದೆಹಲಿಗೂ ಇದು ತಡವಾಗಿ ಹೊಳೆದ ಹಾಗಿದೆ. 2023ರ ಆಗಸ್ಟ್‌ನಲ್ಲಿ ಒಪ್ಪಿಗೆಯಾದ ಪರಿಷ್ಕೃತ ಭಾರತ್‌ನೆಟ್‌ನ ಮೊತ್ತ ಸುಮಾರು 1.39 ಲಕ್ಷ ಕೋಟಿ. ನೇರ ಗೆರೆಯ ಬದಲು ಉಂಗುರದ ಹಾಗೆ ಫೈಬರ್ ಸುತ್ತಿಸುತ್ತಾರೆ, ಒಂದು ಕಡೆ ತುಂಡಾದರೆ ಇನ್ನೊಂದು ಕಡೆಯಿಂದ ಹರಿಯುತ್ತದೆ. ಹಾಕಿದ ಗುತ್ತಿಗೆದಾರರೇ ಹತ್ತು ವರ್ಷ ನೋಡಿಕೊಳ್ಳಬೇಕು. ಗ್ರಾಮೀಣ ಭಾಗದ ಒಂದೂವರೆ ಕೋಟಿ ಮನೆಗಳು ಈಗ ಗುರಿಯಲ್ಲಿವೆ. ಕೊನೆಯ ತಂತಿ ಎಳೆಯುವುದು ಬಿಎಸ್‌ಎನ್‌ಎಲ್ ಜೊತೆ ಆದಾಯ ಹಂಚಿಕೊಳ್ಳುವ ಸ್ಥಳೀಯ ಉದ್ಯಮಿ, ಎಷ್ಟೋ ಊರಲ್ಲಿ ಹಳೇ ಕೇಬಲ್ ಟಿವಿಯವರೇ.

ನಿಮ್ಮ ವಿಚಾರಕ್ಕೆ ಬಂದರೆ, ಪಂಚಾಯಿತಿ ಕಚೇರಿಯಲ್ಲಿ ಮನೆಗೆ ಸಂಪರ್ಕ ಕೇಳಿ ಪ್ರಯೋಜನವಿಲ್ಲ. ಅದನ್ನು ಕೊಡುವವರು ಅವರಲ್ಲ. ಹತ್ತಿರದ ಬಿಎಸ್‌ಎನ್‌ಎಲ್ ಎಕ್ಸ್‌ಚೇಂಜಿನಲ್ಲಿ ನಿಮ್ಮ ಭಾಗದ ಪಾಲುದಾರ ಯಾರು ಎಂದು ವಿಚಾರಿಸಿ, ಓಣಿಯ ಹತ್ತು ಮನೆಯವರು ಒಟ್ಟಿಗೇ ಹೋಗಿ ಕೇಳಿ. ಒಂದು ಮನೆಗೆಂದು ಯಾರೂ ತಂತಿ ಎಳೆಯುವುದಿಲ್ಲ. ಗ್ರಾಮಸಭೆಯಲ್ಲಿ ಕೇಳಬೇಕಾದ ಪ್ರಶ್ನೆ ಬೇರೆ ಇದೆ: ನಮ್ಮೂರಿನ ಲೈನ್ ಉಂಗುರಕ್ಕೆ ಸೇರಿತಾ, ಇಲ್ಲಾ ಇನ್ನೂ ಅದೇ ಹಳೇ ಗೆರೆಯಾ?