ಅಂಜನ ಹಾಕ್ಸಾಕ ಹೋಗೋಕಿಂತ ಮುಂಚೆ ಹಾರ್ಡ್‌ಡಿಸ್ಕ್‌ನ ಲೇಬಲ್ ಓದ್ರಿ

ಗಂಗಾವತಿ ಹತ್ರ ನಮ್ಮ ಸಂಬಂಧಿಕರದು ಒಂದು ರೈಸ್ ಮಿಲ್ ಐತಿ. ಹೋದ ಸುಗ್ಗಿಯಾಗ ಒಂದು ರಾತ್ರಿ ಅಲ್ಲಿ ಅಕ್ಕಿ ಚೀಲ ಕಳುವಾದುವು. ಎಂಟು ಕ್ಯಾಮೆರಾ ಇದ್ದುವು, ಎಂಟೂ ಚಾಲೂ ಇದ್ದುವು, ಬೆಳಿಗ್ಗೆ ಡಿವಿಆರ್ (ಕ್ಯಾಮೆರಾದ ಚಿತ್ರ ಹಾರ್ಡ್‌ಡಿಸ್ಕಿನಾಗ ಬರ್ದಿಡೋ ಪೆಟ್ಟಿಗಿ) ಹಾಕಿ ನೋಡಿದ್ರ 1 ಗಂಟಿ 52 ನಿಮಿಷಕ್ಕ ಗೋಡೌನ್ ಮುಂದ ನಾಯಿ ಮಲಗೇತಿ, ಅದರ ಮುಂದಿನ ಚಿತ್ರನ ಸೀದಾ 2 ಗಂಟಿ 6 ನಿಮಿಷದ್ದು, ನಾಯಿನೂ ಇಲ್ಲ ಚೀಲನೂ ಇಲ್ಲ. ನಡುವಿನ ಹದಿನಾಲ್ಕು ನಿಮಿಷ ಎಲ್ಲಿ ಹೋತು? ಮನಿಯಾಗಿನ ಹಿರಿಯರು ಡಿವಿಆರ್‌ಗೆ ದೃಷ್ಟಿ ಆಗೇತಿ ಅಂದ್ರು, ಇನ್ನೊಬ್ರು ಕಳ್ಳ ಕಣ್ಕಟ್ಟು ಬಲ್ಲಾಂವ ಅಂದ್ರು, ಆಮೇಲೆ ಎಲ್ಲಾರೂ ಕೂಡಿ ಅಂಜನ ಹಾಕ್ಸಾಕ ಹೋದ್ರು. ವೀಳ್ಯದೆಲಿಗೆ ಕಪ್ಪು ಸವರಿ, ಸಣ್ಣ ಹುಡುಗನ್ನ ಕೂಡಿಸಿ, ಕಳ್ಳನ ಮಾರಿ ಕಾಣಾಕತ್ತೈತೇನು ಅಂತ ಕೇಳೋದು. ಕಂಡದ್ದು ಏನಪಾ ಅಂದ್ರ ಎತ್ತರದ ಆಳು, ದಕ್ಷಿಣ ದಿಕ್ಕಿನಾಂವ. ನಮ್ಮ ತಾಲೂಕಿನ ಅರ್ಧ ಗಂಡಸರು ಈ ವರ್ಣನೆಗೆ ಸಿಗ್ತಾರ.

ನನಗ ಸಿಟ್ಟು ಬಂತು, ಡಿವಿಆರ್ ಬಿಚ್ಚಿದೆ. ಒಳಗ ಕುಂತಿದ್ದು 8 ಟಿಬಿದು ಡೆಸ್ಕ್‌ಟಾಪ್ ಕಂಪ್ಯೂಟರ್‌ಗೆ ಹಾಕೋ ಅಗ್ಗದ ಡಿಸ್ಕು. ಹಾಕಿ ಕೊಟ್ಟಾಂವ "ದೊಡ್ಡದು ಹಾಕೀನ್ರಿ, ಎರಡು ತಿಂಗಳು ರೆಕಾರ್ಡಿಂಗ್ ಬರ್ತೈತಿ, ಚಿತ್ರನೂ ಕ್ಲಿಯರ್ ಬರ್ತೈತಿ" ಅಂದಿದ್ನಂತ. ದೊಡ್ಡ ಡಿಸ್ಕಿಗೂ ಕ್ಲಿಯರ್ ಚಿತ್ರಕ್ಕೂ ಏನೂ ಸಂಬಂಧ ಇಲ್ಲ, ದೊಡ್ಡ ಪಾತ್ರಿಯಾಗ ಹಾಕಿದ್ರ ಹಾಲು ಗಟ್ಟಿ ಆಗ್ತೈತೇನು.

ಇಲ್ಲಿ ತಿಳ್ಕೊಬೇಕಾದದ್ದು ಒಂದ ಮಾತು. ಕಂಪ್ಯೂಟರ್‌ದು ಓದೋ ಡಿಸ್ಕು, ಡಿವಿಆರ್‌ದು ಬರಿಯೋ ಡಿಸ್ಕು. ಕಂಪ್ಯೂಟರಿನಾಗ ಇದ್ದದ್ದು ಯಾವಾಗರ ಒಮ್ಮೆ ಬರೀತೈತಿ, ಹೆಚ್ಚಿನ ಹೊತ್ತು ಓದ್ತೈತಿ ಇಲ್ಲಾ ಸುಮ್ನ ಕುಂತಿರ್ತೈತಿ, ರಾತ್ರಿ ಮಲಗ್ತೈತಿ. ಡಿವಿಆರ್ ಒಳಗಿನದಕ್ಕ ನಿದ್ದಿ ಇಲ್ಲ, ವರ್ಷಕ್ಕ 8,760 ತಾಸು ಬರಿಯೋದ ಬರಿಯೋದು, ಬರ್ದದ್ದನ್ನ ಯಾರೂ ಓದಂಗಿಲ್ಲ, ಕಳುವಾದ ದಿನ ಬಿಟ್ರ. ತುಂಬಿದ ಮ್ಯಾಲೆ ಹಳೇದರ ಮ್ಯಾಲೆ ಮತ್ತ ಬರಿಯೋದು. ಇಂಥ ಗುಮಾಸ್ತ ಎಪಿಎಂಸಿಯಾಗೂ ಸಿಗಂಗಿಲ್ಲ.

ಒಂದು ಮಜಾ ನೋಡ್ರಿ. ಹಾರ್ಡ್‌ಡಿಸ್ಕು, ವಿಡಿಯೋ ಟೇಪ್ ರೆಕಾರ್ಡರು ಎರಡೂ ಪ್ಯಾಟಿಗೆ ಬಂದದ್ದು ಒಂದ ವರ್ಷ, 1956, ಅದೂ ಕ್ಯಾಲಿಫೋರ್ನಿಯಾದ ಒಂದ ಭಾಗದಾಗ. ರೆಡ್‌ವುಡ್ ಸಿಟಿಯ ಆಂಪೆಕ್ಸ್ ಕಂಪನಿ ಟೇಪಿನ ಮ್ಯಾಲೆ ಟಿವಿ ಚಿತ್ರ ಬರಿಯೋ ಯಂತ್ರ ತೋರ್ಸಿತು, ಸ್ಯಾನ್ ಹೋಸೆಯ ಐಬಿಎಂನವರು ರ್‍ಯಾಮ್ಯಾಕ್ ಅನ್ನೋ ಮೊದಲ ಹಾರ್ಡ್‌ಡಿಸ್ಕಿನ ಕಂಪ್ಯೂಟರ್ ಬಿಟ್ರು. ಅದ ವರ್ಷ ನಮ್ಮ ರಾಯಚೂರು ಜಿಲ್ಲಾ, ಆವಾಗ ಕೊಪ್ಪಳನೂ ಅದರೊಳಗ ಇತ್ತು, ಹೈದರಾಬಾದ್ ಬಿಟ್ಟು ಮೈಸೂರು ರಾಜ್ಯಕ್ಕ ಸೇರ್ತು, ಅಂದ್ರ ನಾವೂ ಅವೂ ಒಂದ ವಾರಿಗಿ. ರ್‍ಯಾಮ್ಯಾಕ್‌ನಾಗ 24 ಇಂಚು ಅಗಲದ 50 ತಟ್ಟೆ ತಿರುಗ್ತಿದ್ವು, ಅಷ್ಟೆಲ್ಲಾ ಸೇರಿ ಹಿಡೀತಿದ್ದದ್ದು 50 ಲಕ್ಷ ಅಕ್ಷರ, ಈಗಿನ ಲೆಕ್ಕದಾಗ ನಾಲ್ಕು ಎಂಬಿ ಒಳಗ. ಮಿಲ್ಲಿನ ಒಂದು ಕ್ಯಾಮೆರಾ ಅದನ್ನ ಎಂಟು ಸೆಕೆಂಡಿನಾಗ ತುಂಬಿ ಬಿಡ್ತೈತಿ!

ಆ ತಟ್ಟೆಗೆ ಬಳ್ದಿದ್ದು ಏನಂತೀರಿ, ಕಬ್ಬಿಣದ ಆಕ್ಸೈಡಿನ ಬಣ್ಣ. ನಮ್ಮ ಸಂಡೂರಿನ ಕೆಂಧೂಳಿನ ಅಣ್ತಮ್ಮ. ಸಂಡೂರಿನ ಹೆಮಟೈಟ್‌ದೂ ಅದ ಸೂತ್ರ, ಎರಡು ಕಬ್ಬಿಣ ಮೂರು ಆಮ್ಲಜನಕ, ಆದ್ರ ಅಣುಗಳು ಕುಂತ ರೀತಿ ಬ್ಯಾರೆ, ಅದ್ಕ ಹೆಮಟೈಟ್‌ಗೆ ಅಯಸ್ಕಾಂತದ ಶಕ್ತಿ ಇಲ್ಲದಷ್ಟು ಕಡಿಮಿ, ಗ್ಯಾಮಾ ಅನ್ನೋ ಇನ್ನೊಂದು ರೂಪಕ್ಕ ಜೋರು. ಈಗಿನ ಡಿಸ್ಕಿನಾಗ ಕಬ್ಬಿಣದ ಬಣ್ಣ ಹೋಗಿ ಕೋಬಾಲ್ಟ್, ಕ್ರೋಮಿಯಂ, ಪ್ಲಾಟಿನಂ ಸೇರ್ಸಿದ ತೆಳು ಪದರ ಬಂದೈತಿ.

ಈಗ ಹದಿನಾಲ್ಕು ನಿಮಿಷಕ್ಕ ಬರೋಣು. ಡಿಸ್ಕಿನ ಮ್ಯಾಲೆ ಬರಹ ಇರೋದು ಸುತ್ತು ಸುತ್ತಾದ ಗೆರಿಗಳಾಗ, ಕೂರಿಗಿ ಸಾಲು ಇದ್ದಂಗ. ಸಾಲಿನ ನಡುವ ಒಂಚೂರು ಜಾಗ ಬಿಟ್ಟು ಬಿತ್ತಿದ್ರ ಅದಕ್ಕ ಸಿಎಂಆರ್ ಅಂತಾರ. ತಟ್ಟೆ ಮ್ಯಾಲೆ ಓಡಾಡಿ ಬರಿಯೋ, ಓದೋ ಭಾಗಕ್ಕ ತಲಿ ಅಂತಾರ; ಆದ್ರ ಬರಿಯೋ ತಲಿ ದಪ್ಪ, ಓದೋ ತಲಿ ಸಣ್ಣ. ಗುಡಿ ಗ್ವಾಡಿಗೆ ಸುಣ್ಣ ಕೆಮ್ಮಣ್ಣಿನ ಪಟ್ಟಿ ಬಳೀತಾರಲ್ಲ, ದಪ್ಪ ಬ್ರಶ್‌ನಿಂದ ಒಂದು ಪಟ್ಟಿ ಎಳ್ದು, ಮುಂದಿನ ಪಟ್ಟಿ ಅದರ ಅರ್ಧ ಮುಚ್ಚೋಹಂಗ ಎಳ್ದ್ರೂ ಕೆಳಗಿನದು ಸಣ್ಣಗ ಕಾಣ್ತಿರ್ತೈತಿ, ಓದೋ ತಲಿಗೆ ಅಷ್ಟು ಸಾಕು. ಹಿಂಗ ಒಂದರ ಮ್ಯಾಲೊಂದು ಹತ್ತಿಸಿ ಬರಿಯೋದಕ್ಕ ಎಸ್‌ಎಂಆರ್ ಅಂತ ಹೆಸರು, ಅಷ್ಟ ತಟ್ಟೆಯಾಗ ಹೆಚ್ಚು ಜಾಗ, ಅದ್ಕ ಅಗ್ಗ. ತೊಂದ್ರಿ ಬರೋದು ಹಳೇದನ್ನ ತಿದ್ದುವಾಗ. ಮಂಗಳೂರು ಹೆಂಚಿನ ಮನಿ ನೋಡೀರಿ, ನಡುವಿನ ಒಂದು ಹೆಂಚು ಒಡ್ದ್ರ ಅದರ ಮ್ಯಾಲಿನ ಹೆಂಚು ಎತ್ತಬೇಕು, ಅದನ್ನ ಎತ್ತಾಕ ಅದರ ಮ್ಯಾಲಿನದು. ಎಸ್‌ಎಂಆರ್ ಡಿಸ್ಕು ಒಂದು ಸಾಲು ತಿದ್ದಬೇಕಂದ್ರ ಆ ಇಡೀ ಪಟ್ಟಿನ ಓದಿ, ಪಕ್ಕಕ್ಕಿಟ್ಟು, ತಿದ್ದಿ, ಪೂರಾ ಮತ್ತ ಬರಿಬೇಕು. ಒಳಗ ಸಣ್ಣ ಜಾಗ ಒಂದು ಇಟ್ಕೊಂಡಿರ್ತೈತಿ, ಬಂದದ್ದನ್ನ ಮೊದಲು ಅಲ್ಲಿ ಒಗೆದು ಪುರುಸೊತ್ತು ಸಿಕ್ಕಾಗ ಸರಿಯಾಗಿ ಜೋಡಿಸ್ತೈತಿ. ಆದ್ರ ಡಿವಿಆರ್ ಪುರುಸೊತ್ತು ಎಲ್ಲಿ ಕೊಡ್ತೈತಿ? ಅಂಗಳದಾಗ ಭತ್ತ ಸುರಿಯೋ ಲಾರಿ ನಿಂತಾವು, ಗೋಡೌನಿನಾಗ ಜೋಡಿಸೋ ಹಮಾಲ ಒಬ್ಬನ, ಅಂಗಳ ತುಂಬಿತಂದ್ರ ಲಾರಿ ನಿಂತ್ಕೊಂಡ ಬಿಡ್ತಾವು.

ಒಮ್ಮೆ ಬರ್ದು ಮುಟ್ಟಲಾರದಂಗ ಇಡೋದಕ್ಕ ಎಸ್‌ಎಂಆರ್ ಕೆಟ್ಟದ್ದಲ್ಲ, ಸಾಲಾಗಿ ಬರ್ಕೊಂಡು ಹೋಗೋ ಕೆಲಸಕ್ಕೂ ನಡೀತೈತಿ, ಕ್ಯಾಮೆರಾಕ್ಕಂತ ಮಾಡಿದ ಕೆಲವು ಡಿಸ್ಕಿನಾಗೂ ಅದ ಇರ್ತೈತಿ. ಮಸ್ಕಿಯ ಅಶೋಕನ ಶಾಸನ ಇಲ್ವೇನು, ಒಮ್ಮೆ ಕೆತ್ತಿದ್ದು, ಸುಮಾರು ಎರಡು ಸಾವಿರದ ಇನ್ನೂರು ವರ್ಷ ಆದ ಮ್ಯಾಲೆ 1915ರಾಗ ಚಿನ್ನ ಹುಡುಕಾಕ ಬಂದ ಬೀಡನ್ ಅನ್ನೋ ಎಂಜಿನಿಯರ್ ಕಣ್ಣಿಗೆ ಬಿತ್ತು, ಬರೇ ದೇವಾನಾಂಪ್ರಿಯ ಅಂತಿದ್ದ ರಾಜನ ಖರೆ ಹೆಸರು ಅಶೋಕ ಅಂತ ಆ ಬಂಡಿಗಲ್ಲು ಹೇಳ್ತು. ಅದು ಬರಹ ಉಳಿಸೋ ರೀತಿ. ಡಿವಿಆರ್‌ದು ಉಲ್ಟಾ, ಇಪ್ಪತ್ಮೂರು ದಿನಕ್ಕೊಮ್ಮೆ ಅದ ಬಂಡಿಗಲ್ಲು ಕೆರ್ದು ಮತ್ತ ಕೆತ್ತೋ ಕೆಲಸ, ಅದೂ ಎಂಟು ಮಂದಿ ಒಮ್ಮೆಗೇ ಬಾಯಿಗೆ ಬಂದಂಗ ಹೇಳ್ಕೊಂಡು ಹೋಗುವಾಗ. ಅದ್ಕ ಆದಷ್ಟು ಸಿಎಂಆರ್ ತಗೋರಿ. ಡಬ್ಬಿ ಮ್ಯಾಲೆ ಬರ್ದಿರಂಗಿಲ್ಲ, ಲೇಬಲ್ಲಿನ ಪೂರಾ ಮಾಡೆಲ್ ನಂಬರ್ ತಗೊಂಡು ಕಂಪನಿಯ ಪಟ್ಟಿಯಾಗ ಹುಡುಕಬೇಕು. 2020ರಾಗ ನ್ಯಾಸ್‌ಗಂತ (ನೆಟ್‌ವರ್ಕಿಗೆ ಹಚ್ಚಿ ಫೈಲ್ ಇಡೋ ಪೆಟ್ಟಿಗಿ) ಮಾರಿದ ಕೆಲವು ಡಿಸ್ಕಿನಾಗ ಹೇಳದ ಕೇಳದ ಎಸ್‌ಎಂಆರ್ ಹಾಕ್ಯಾರ ಅಂತ ಗೊತ್ತಾಗಿ ದೊಡ್ಡ ಗದ್ದಲ ಆದ ಮ್ಯಾಲೆನ ಈ ಪಟ್ಟಿ ಹೊರಗ ಬಂದುವು.

ಎರಡನೇ ಕಾರಣ ಡಿಸ್ಕಿನ ಹಟ. ಡೆಸ್ಕ್‌ಟಾಪ್ ಡಿಸ್ಕಿಗೆ ಒಂದು ಸೆಕ್ಟರ್, ಅಂದ್ರ ಗೆರಿಯ ಒಂದು ಸಣ್ಣ ತುಣುಕು, ಕೈಕೊಟ್ರ ಅದು ಬಿಡಂಗಿಲ್ಲ, ಮತ್ತ ಮತ್ತ ಪ್ರಯತ್ನ ಮಾಡ್ತೈತಿ, ಹತ್ತಾರು ಸೆಕೆಂಡು. ನಿಮ್ಮ ಹೊಲದ ಪತ್ರದ ಫೈಲ್ ಆದ್ರ ಈ ಹಟ ಬೇಕ ಬೇಕು, ಒಂದಕ್ಷರ ತಪ್ಪಿದ್ರೂ ಕೆಲಸ ಕೆಡ್ತೈತಿ. ಕ್ಯಾಮೆರಾದ ಚಿತ್ರದಾಗ ಒಂದು ಚುಕ್ಕಿ ಹೋದ್ರ ಯಾರಿಗೆ ಗೊತ್ತಾಗ್ತೈತ್ರಿ? ಡಿಸ್ಕು ಆ ಒಂದು ಚುಕ್ಕಿಗೆ ಗುದ್ದಾಡೋ ಹೊತ್ತಿಗೆ ಎಂಟೂ ಕ್ಯಾಮೆರಾದ ಚಿತ್ರ ಡಿವಿಆರ್‌ನ ಸಣ್ಣ ಮೆಮೊರಿಯಾಗ ಬಂದು ಬೀಳ್ತಾವು, ಅದು ತುಂಬಿ ಚೆಲ್ತೈತಿ, ಡಿಸ್ಕಿನಿಂದ ಉತ್ತರ ಬರಲಿಲ್ಲಂದ್ರ ಡಿವಿಆರ್ "ಡಿಸ್ಕ ಇಲ್ಲ" ಅಂತ ತೀರ್ಮಾನ ಮಾಡಿ ಕೈಬಿಡ್ತೈತಿ, ಆಮೇಲೆ ಹೊಸದಾಗಿ ಶುರು. ನಮ್ಮ ಡಿವಿಆರ್‌ನ ಲಾಗ್, ಅಂದ್ರ ಅದು ಬರ್ಕೊಳ್ಳೋ ದಿನಚರಿ, ತೆಗೆದು ನೋಡಿದೆ, ಆ ಹದಿನಾಲ್ಕು ನಿಮಿಷ ಡಿಸ್ಕ್ ಎರರ್ ಅಂತ ಸಾಲು ಸಾಲು ಬರ್ದಿತ್ತು, ಅಂಜನಕ್ಕ ಕಾಣದ್ದು ಅಲ್ಲಿ ಕಂಡಿತು. ಡಬ್ಲ್ಯೂಡಿ ಪರ್ಪಲ್, ಸೀಗೇಟ್ ಸ್ಕೈಹಾಕ್, ತೋಷಿಬಾ ಎಸ್300 ಇಂಥ ಕ್ಯಾಮೆರಾ ಡಿಸ್ಕುಗಳ ಫರ್ಮ್‌ವೇರಿಗೆ ಈ ಬುದ್ಧಿ ಕಲಿಸಿರ್ತಾರ: ತಪ್ಪಿದ್ರ ತಪ್ಪಲಿ, ಹರಿವು ನಿಲ್ಲಬಾರದು. ಇದಕ್ಕ ಅಂತ ಎಟಿಎ (ಡಿಸ್ಕು, ಯಂತ್ರ ಮಾತಾಡ್ಕೊಳ್ಳೋ ನಿಯಮ) ಸ್ಟ್ಯಾಂಡರ್ಡಿನಾಗ ಸ್ಟ್ರೀಮಿಂಗ್ ಕಮಾಂಡ್ ಅಂತ ಬ್ಯಾರೆನ ಅದಾವು. ಪೆಂಡಾಲ್‌ನಾಗ ಊಟಕ್ಕ ಬಡಿಸೋಹಂಗ, ಒಬ್ಬನ ಎಲಿಗೆ ಉಪ್ಪಿನಕಾಯಿ ತಪ್ಪಿತಂತ ಪಂಕ್ತಿ ನಿಲ್ಸಂಗಿಲ್ಲ.

ಎಷ್ಟು ಟಿಬಿ ಬೇಕು ಅನ್ನೋದು ಬರೇ ಗುಣಾಕಾರ. ಒಂದು ಕ್ಯಾಮೆರಾ ಸೆಕೆಂಡಿಗೆ 4 ಮೆಗಾಬಿಟ್ ಕಳಿಸಿದ್ರ ದಿನಕ್ಕ 43.2 ಜಿಬಿ, ಎಂಟಕ್ಕ ಸುಮಾರು 346, ಅಂದ್ರ 8 ಟಿಬಿ (8,000 ಜಿಬಿ) ಡಿಸ್ಕು ತುಂಬಾಕ 23 ದಿನ. ಎರಡು ತಿಂಗಳು ಅಂದಾಂವ ಯಾವ ಲೆಕ್ಕ ಹಾಕಿದ್ನೋ. ಎಚ್.265ಕ್ಕ, ಅಂದ್ರ ವಿಡಿಯೋನ ಇನ್ನೂ ಒತ್ತಿ ಸಣ್ಣದು ಮಾಡೋ ರೀತಿಗೆ, ಬದಲಿಸಿ ಬಿಟ್‌ರೇಟ್ ಅರ್ಧ ಮಾಡಿದ್ರ 46 ದಿನ ಬರ್ತೈತಿ, ಡಿಸ್ಕಿಗೆ ರೊಕ್ಕ ಸುರಿಯೋ ಮುಂಚೆ ಇದನ್ನ ಮಾಡ್ರಿ. ಇನ್ನೊಂದು ಲೆಕ್ಕ ಯಾರೂ ನೋಡಂಗಿಲ್ಲ: ಡೆಸ್ಕ್‌ಟಾಪ್ ಡಿಸ್ಕು ಸಾಮಾನ್ಯ ವರ್ಷಕ್ಕ 55 ಟಿಬಿ ಓದಿ ಬರಿಯಾಕ ಅಂತ ಮಾಡಿದ್ದು, ಕ್ಯಾಮೆರಾ ಡಿಸ್ಕು 180 ಟಿಬಿಗೆ. ನಮ್ಮ ಎಂಟು ಕ್ಯಾಮೆರಾ ವರ್ಷಕ್ಕ 126 ಬರೀತಾವು, ಡೆಸ್ಕ್‌ಟಾಪ್‌ದು ವರ್ಷದ ಕೂಲಿ ಐದು ತಿಂಗಳಿಗೇ ಮುಗಿಸ್ತೈತಿ. ಹದಿನಾರು ಕ್ಯಾಮೆರಾ ಆದ್ರ 252, 180ರದೂ ಸಾಲಂಗಿಲ್ಲ, ಎರಡು ಡಿಸ್ಕಿಗೆ ಹಂಚ್ರಿ. ಮತ್ತ ನಿಮ್ಮ ಡಿವಿಆರ್ ಒಂದು ಪೋರ್ಟಿಗೆ ಎಷ್ಟು ಟಿಬಿ ತನಕ ಒಪ್ತೈತಿ ಅನ್ನೋದು ಅದರ ಪುಸ್ತಕದಾಗ ಇರ್ತೈತಿ, ಅದನ್ನ ನೋಡದ 18 ಟಿಬಿ ತಂದು ತಲಿ ಮ್ಯಾಲೆ ಕೈ ಇಟ್ಕೊಂಡವರು ಅದಾರ.

ಡಬ್ಬಿ ಮ್ಯಾಲೆ 10 ಲಕ್ಷ ತಾಸು ಎಂಟಿಬಿಎಫ್ (ಒಂದು ಕೆಡೋದಕ್ಕೂ ಇನ್ನೊಂದು ಕೆಡೋದಕ್ಕೂ ನಡುವಿನ ಸರಾಸರಿ ಹೊತ್ತು) ಅಂತ ಇರ್ತೈತಿ. ಭಾಗಿಸಿದ್ರ 114 ವರ್ಷ. ಮೊಮ್ಮಕ್ಕಳಿಗೆ ಬಿಟ್ಟು ಹೋಗಾಕ ಬರ್ತೈತಿ ಅಂತಲ್ಲ, ಸಾವಿರ ಡಿಸ್ಕು ಒಂದು ವರ್ಷ ಓಡಿಸಿದ್ರ ಸುಮಾರು ಒಂಬತ್ತು ಕೆಡ್ತಾವು ಅಂತ ಅರ್ಥ, ಅದೂ ಕಂಪನಿ ಹೇಳಿದ ತಂಪಿನಾಗ, ಹೇಳಿದ ಕೆಲಸಕ್ಕ. ರಾಯಚೂರು ಬಳ್ಳಾರಿ ಕಡಿ ಮೇ ತಿಂಗಳ ಬಿಸಲು ಡಿಸ್ಕಿನ ಕಂಪನಿ ನೋಡಿಲ್ಲ. ತಗಡಿನ ಛಾವಣಿ ಕೆಳಗ, ಮುಚ್ಚಿದ ಕಬ್ಬಿಣದ ಪೆಟ್ಟಿಗಿಯಾಗ ಡಿವಿಆರ್ ಇಟ್ಟು ಕಳ್ಳರಿಂದ ಕಾಪಾಡೀನಿ ಅನ್ನೋರು ಅದನ್ನ ಒಲಿಯಾಗ ಇಟ್ಟಂಗ. 60 ಡಿಗ್ರಿ ಹತ್ರ ಹೋತಂದ್ರ ಹೆಚ್ಚಿನ ಡೆಸ್ಕ್‌ಟಾಪ್ ಡಿಸ್ಕಿಗೆ ಅದ ಗಡಿ.

ತಲಿ ತಟ್ಟೆ ಮ್ಯಾಲೆ ಹಾರೋದು ಕೆಲವ ನ್ಯಾನೋಮೀಟರ್ ಎತ್ತರದಾಗ, ಕೂದಲು ಅದಕ್ಕಿಂತ ಹತ್ತು ಸಾವಿರ ಪಟ್ಟು ದಪ್ಪ. ತಟ್ಟೆಯ ಅಂಚು ನಿಮಿಷಕ್ಕ 5,400 ಸುತ್ತಿನಾಗ ತಾಸಿಗೆ 95 ಕಿಲೋಮೀಟರ್ ಮ್ಯಾಲೆ ಓಡ್ತಿರ್ತೈತಿ. ಅದ್ಕ ನಡುಗಿದ್ರ ಗೆರಿ ತಪ್ತೈತಿ. 2008ರಾಗ ಸನ್ ಮೈಕ್ರೋಸಿಸ್ಟಮ್ಸ್‌ನ ಬ್ರೆಂಡನ್ ಗ್ರೆಗ್ ಡಿಸ್ಕುಗಳ ಮುಂದ ನಿಂತು ಜೋರಾಗಿ ಚೀರಿದ್ರ ಅವು ತಡವರಿಸಿದ್ದನ್ನ ಗ್ರಾಫಿನಾಗ ತೋರ್ಸಿದ್ರು. ಬರೇ ಮನುಷ್ಯನ ದನಿಗೆ ಹಿಂಗಾದ್ರ ಪಾಲಿಶರ್ ಮಷೀನಿನ ಗ್ವಾಡಿಗೆ ಮೊಳಿ ಹೊಡ್ದು ಕುಂದ್ರಿಸಿದ ಡಿವಿಆರ್ ಗತಿ ಏನು? ದೊಡ್ಡ ಡಿಸ್ಕುಗಳಾಗ ಈಗ ಗಾಳಿ ಬದಲು ಹೀಲಿಯಂ ತುಂಬಿರ್ತಾರ, 2013ರಿಂದ ಶುರುವಾದದ್ದು, ಗಾಳಿಗಿಂತ ಏಳು ಪಟ್ಟು ಹಗುರ, ತಟ್ಟೆ ಅದುರೋದು ಕಡಿಮಿ, ಕರೆಂಟೂ ಕಾವೂ ಕಡಿಮಿ, ಪೂರಾ ಸೀಲ್ ಆಗಿರ್ತೈತಿ. ಹೊಟ್ಟಿನ ಧೂಳು, ಗಿಣಿಗೇರಿ ಕಡಿ ಆದ್ರ ಸ್ಪಾಂಜ್ ಐರನ್ ಧೂಳು, ಡಿಸ್ಕಿನೊಳಗ ಹೋಗೋದಕ್ಕಿಂತ ಡಿವಿಆರ್‌ನ ಫ್ಯಾನ್ ಕಟ್ಟಿಸಿ ಒಳಗ ಕಾವು ಏರ್ಸೋದ ಹೆಚ್ಚು. ಆಯುಧಪೂಜೆಗೆ ಗಾಳಿ ಕಿಂಡಿಗೇ ಭಂಡಾರ ಕುಂಕುಮ ಬಳೀಬ್ಯಾಡ್ರಿ, ಬಾಗಲಿಗೆ ಹಚ್ರಿ, ನಮ್ಮವರಿಗೆ ಇಷ್ಟು ಒಪ್ಪಿಸಾಕ ಒಂದು ವಾರ ಹಿಡೀತು.

ಹೊಸ ಡಿಸ್ಕು ಹಾಕಿದ ಮ್ಯಾಲೆ ಟಿವಿಯಾಗ ಎಂಟು ಚೌಕ ಓಡಾಡೋದು ನೋಡಿ ಎಲ್ಲಾ ಸರಿ ಐತಿ ಅಂತ ಎದ್ದು ಹೋಗ್ತಾರ. ಆ ಲೈವ್ ಚಿತ್ರ ಡಿಸ್ಕಿನ ಹತ್ರ ಹೋಗೋದ ಇಲ್ಲ, ಕ್ಯಾಮೆರಾದಿಂದ ಸೀದಾ ಟಿವಿಗೆ ಬರ್ತೈತಿ, ಡಿಸ್ಕು ಸತ್ತು ತಿಂಗಳಾದ್ರೂ ಹಂಗ ಬರ್ತಿರ್ತೈತಿ. ತಿಂಗಳಿಗೊಮ್ಮೆ ಹದಿನೈದು ದಿನ ಹಿಂದಿನ ಯಾವುದರ ಒಂದು ರಾತ್ರಿ ಆರ್ಸಿಕೊಂಡು, ಎರಡು ಗಂಟಿ ಹೊತ್ತಿನದು ಹಾಕಿ, ಗಡಿಯಾರ ಎಲ್ಲರ ಜಿಗಿತೈತೇನು ಅಂತ ನೋಡ್ರಿ.